ಒಂದು ರೂಪಾಯಿ, 365 ದಿನ

ಜೀಡಿಮೆಟ್ಲಾದ ಕಾರ್ಖಾನೆಗಳಲ್ಲಿ ಪಾಳಿ ಬದಲಾಗುವ ಹೊತ್ತು. ಹೈದರಾಬಾದಿನ ಉತ್ತರಕ್ಕಿರುವ ಈ ಕೈಗಾರಿಕಾ ಪ್ರದೇಶದಲ್ಲಿ ಗೇಟಿನ ಒಳಗೆ ಔಷಧ, ರಾಸಾಯನಿಕ, ಪ್ಲಾಸ್ಟಿಕ್ಕು, ಕೋಟಿಗಟ್ಟಲೆ ಬೆಲೆಯ ಯಂತ್ರಗಳು. ಗೇಟಿನ ಹೊರಗೆ ಚಾಯ್ ಬಂಡಿ, ಇಡ್ಲಿ ಬಂಡಿ, ಬಾಳೆಹಣ್ಣಿನ ಬುಟ್ಟಿ, ಪಂಕ್ಚರ್ ಹಾಕುವ ಹುಡುಗ. ಬೀದರಿನಿಂದ ಬಸ್ಸು ಹತ್ತಿದರೆ ಮೂರು ಗಂಟೆ ಚಿಲ್ಲರೆ ದಾರಿ. 1956ರ ನವೆಂಬರ್ 1ರವರೆಗೆ ಬೀದರ್, ಕಲಬುರಗಿ, ರಾಯಚೂರು ಇದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಹಾಗಾಗಿ ಇಲ್ಲಿನ ಬಂಡಿಯ ಮುಂದೆ ಕನ್ನಡ ಕೇಳಿಸಿದರೆ ಅಚ್ಚರಿಯೇನಿಲ್ಲ. ಅಚ್ಚರಿಪಡಬೇಕಾದದ್ದು ಆ ಬಂಡಿಯ ಬಂಡವಾಳದ ಲೆಕ್ಕಕ್ಕೆ.

ಚಿಕ್ಕ ಸಂಖ್ಯೆಯಿಂದಲೇ ಹೊರಡೋಣ: 900 ರೂಪಾಯಿ. ದೇಶದ ತರಕಾರಿ ಮಂಡಿಗಳಲ್ಲಿ ಒಂದು ಹಳೆಯ ರೂಢಿಯಿದೆ. ಬೆಳಿಗ್ಗೆ ಕೈಗೆ 900, ಸಂಜೆ ವಾಪಸ್ಸು 1,000. ನಡುವಿನ 100 ರೂಪಾಯಿ ಬಡ್ಡಿ. ನೂರು ರೂಪಾಯಿ ತಾನೆ ಅನ್ನಿಸುತ್ತದೆ. ವರ್ಷಕ್ಕೆ 300 ದಿನ ಹೀಗೆ ನಡೆದರೆ ಬಡ್ಡಿಯೇ 30,000 ರೂಪಾಯಿ! ಅಸಲಿಗಿಂತ 33 ಪಟ್ಟು. ವರ್ಷದ ಕೊನೆಗೂ ಆ 900 ರೂಪಾಯಿ ಬಂಡಿಯವನದಲ್ಲ, ಮರುದಿನ ಬೆಳಿಗ್ಗೆ ಮತ್ತೆ ಕೈಯೊಡ್ಡಬೇಕು.

ಈಗ 10,000 ರೂಪಾಯಿ. 2020ರ ಜೂನ್ 1ರಂದು ಶುರುವಾದ ಪಿಎಂ ಸ್ವನಿಧಿ ಯೋಜನೆಯಲ್ಲಿ ಬೀದಿಬದಿ ವ್ಯಾಪಾರಿಗೆ ಸಿಗುತ್ತಿದ್ದ ಮೊದಲ ಸಾಲ ಇಷ್ಟೇ. ಅಡಮಾನ ಬೇಡ. ತೀರಿಸಿದರೆ 20,000, ಅದನ್ನೂ ತೀರಿಸಿದರೆ 50,000. (2025ರ ಆಗಸ್ಟ್‌ನಲ್ಲಿ ಮೊದಲ ಎರಡು ಕಂತುಗಳನ್ನು 15,000 ಮತ್ತು 25,000ಕ್ಕೆ ಏರಿಸಿದರು.) 3.79 ಗ್ರಾಂ ತೂಗುವ ಒಂದು ರೂಪಾಯಿ ನಾಣ್ಯಗಳಲ್ಲಿ 10,000 ಎಣಿಸಿ ಕೊಟ್ಟರೆ ಸುಮಾರು 38 ಕಿಲೋ. ಒಬ್ಬ ಹೆಂಗಸು ಮಂಡಿಯಿಂದ ತಲೆಯ ಮೇಲೆ ಹೊತ್ತು ತರುವ ಟೊಮ್ಯಾಟೊ ಹೊರೆಯಷ್ಟು.

ಆ ಒಂದು ತಲೆಹೊರೆ ಎಷ್ಟಾಯಿತು ನೋಡಿ. 2025ರ ಜುಲೈ ಕೊನೆಯ ಹೊತ್ತಿಗೆ ಈ ಯೋಜನೆಯಲ್ಲಿ 68 ಲಕ್ಷಕ್ಕೂ ಹೆಚ್ಚು ವ್ಯಾಪಾರಿಗಳಿಗೆ 96 ಲಕ್ಷ ಸಾಲ, ಒಟ್ಟು 13,797 ಕೋಟಿ ರೂಪಾಯಿ ಹೋಗಿತ್ತು. ಅದನ್ನೂ ಅದೇ ನಾಣ್ಯಗಳಲ್ಲಿ ಸುರಿದರೆ ತೂಕ 5 ಲಕ್ಷ ಟನ್ನು ದಾಟುತ್ತದೆ. ಆನೆಗೆ ನಾಲ್ಕು ಟನ್ನಿನಂತೆ ತೂಗಿದರೆ 1,30,000 ಆನೆ! ಕರ್ನಾಟಕದ ಕಾಡುಗಳಲ್ಲಿ ಇರುವುದೇ ಸುಮಾರು 6,000. ಎಲ್ಲವನ್ನೂ ಹಿಡಿದು ತಂದು ತಕ್ಕಡಿಗೆ ಹತ್ತಿಸಿ, ಇಳಿಸಿ, 21 ಸಲ ತೂಗಿದರೂ ಸಮ ಆಗುವುದಿಲ್ಲ. ನಾಣ್ಯ ಬೇಡ, ಹತ್ತು ರೂಪಾಯಿ ನೋಟೇ ಸಾಕು ಎನ್ನುತ್ತೀರಾ? 123 ಮಿಲಿಮೀಟರ್ ಉದ್ದದ ಆ ನೋಟುಗಳನ್ನು ಒಂದರ ತುದಿಗೆ ಒಂದಿಟ್ಟರೆ ಸುಮಾರು 17 ಲಕ್ಷ ಕಿಲೋಮೀಟರ್. ಭೂಮಿಗೆ 42 ಸುತ್ತು. ಚಂದ್ರನಿಗೆ ಎರಡು ಸಲ ಹೋಗಿ ಬಂದರೂ ಕೈಯಲ್ಲಿ ನೋಟು ಉಳಿಯುತ್ತದೆ.

ಬಂಡಿಗಳನ್ನೇ ಸಾಲಾಗಿ ನಿಲ್ಲಿಸೋಣ. ಒಂದಕ್ಕೆ ಎರಡು ಮೀಟರ್ ಜಾಗ ಕೊಟ್ಟರೆ 68 ಲಕ್ಷ ಬಂಡಿಗಳ ಸಾಲು 13,600 ಕಿಲೋಮೀಟರ್. ಭೂಮಿಯ ವ್ಯಾಸವೇ 12,742. ಅಂದರೆ ಜೀಡಿಮೆಟ್ಲಾದಲ್ಲಿ ಭೂಮಿಗೆ ತೂತು ಕೊರೆದು ಬಂಡಿಗಳನ್ನು ಒಂದರ ಹಿಂದೊಂದು ಇಳಿಸಿದರೆ ಆಚೆ ತುದಿಯಲ್ಲಿ ಮೊದಲ ಬಂಡಿ ಹೊರಬರುವಾಗ ಈಚೆ ಇನ್ನೂ 4 ಲಕ್ಷ ಬಂಡಿ ಸರದಿ ಕಾಯುತ್ತಿರುತ್ತವೆ!

ಈ ವ್ಯಾಪಾರಿಗಳು ಬರೀ ಚಿಲ್ಲರೆ ಕಾಸಿನ ಜನ ಎಂದುಕೊಂಡವರು ಇನ್ನೊಂದು ಅಂಕಿ ಕೇಳಬೇಕು. ಬಂಡಿಗೆ ಅಂಟಿಸಿದ ಕ್ಯೂಆರ್ ಚೀಟಿಯ ಮೂಲಕ, ಫೋನಿನ ಮೂಲಕ, ಇವರಲ್ಲಿ ಸುಮಾರು 47 ಲಕ್ಷ ಮಂದಿ ನಡೆಸಿದ ಡಿಜಿಟಲ್ ವಹಿವಾಟು 557 ಕೋಟಿ ಸಲ. ಸೆಕೆಂಡಿಗೊಂದರಂತೆ, ನಿದ್ದೆ ಊಟ ಬಿಟ್ಟು ಎಣಿಸಿದರೆ 176 ವರ್ಷ ಬೇಕು. 2025ಕ್ಕೆ ಎಣಿಕೆ ಮುಗಿಯಬೇಕಾದರೆ 1849ರಲ್ಲೇ ಶುರು ಮಾಡಿರಬೇಕಿತ್ತು. ಆಗ ಭಾರತದಲ್ಲಿ ಪ್ರಯಾಣಿಕರ ರೈಲು ಓಡಲು ಇನ್ನೂ ನಾಲ್ಕು ವರ್ಷ ಇತ್ತು.

ಬೀದಿ ಬಿಟ್ಟು ಗಲ್ಲಿಯೊಳಗೆ ಬಂದರೆ ಲೆಕ್ಕ ಮತ್ತೂ ಹಿಗ್ಗುತ್ತದೆ. ಮನೆಯ ಮುಂದಿನ ಕಿರಾಣಿ, ಒಂದು ಹೊಲಿಗೆ ಯಂತ್ರದ ಟೇಲರು, ಒಂದು ಲೇಥ್ ಇಟ್ಟುಕೊಂಡ ಮೇಸ್ತ್ರಿ, ಹೀಗೆ ಕಂಪನಿಯಾಗಿ ನೋಂದಣಿಯಾಗದ, ಕೃಷಿಯೇತರ ಉದ್ದಿಮೆಗಳು ಕೇಂದ್ರದ ಸಮೀಕ್ಷೆಯ ಪ್ರಕಾರ 2023-24ರಲ್ಲಿ 7.34 ಕೋಟಿ. 2011ರ ಜನಗಣತಿಯ ಕರ್ನಾಟಕದಲ್ಲಿ ತೊಟ್ಟಿಲ ಕೂಸೂ ಸೇರಿ ಇದ್ದವರು 6.11 ಕೋಟಿ. ಕೂಸಿಗೂ ಒಂದು ಅಂಗಡಿ ಕೊಟ್ಟು, ಇನ್ನೂ ಒಂದು ಕೋಟಿ 23 ಲಕ್ಷ ಅಂಗಡಿ ಉಳಿಯುತ್ತವೆ! ದುಡಿಯುವವರು 12 ಕೋಟಿ, ಹೆಚ್ಚುಕಡಿಮೆ ಇಡೀ ಜಪಾನ್. ಹಿಂದಿನ ವರ್ಷ ಉದ್ದಿಮೆಗಳು ಇದ್ದದ್ದು 6.50 ಕೋಟಿ. ಅಂದರೆ ಒಂದೇ ವರ್ಷದಲ್ಲಿ 84 ಲಕ್ಷ ಏರಿಕೆ. ದಿನಕ್ಕೆ 23,000, ನಿಮಿಷಕ್ಕೆ 16. ನೀವು ಈ ಪ್ಯಾರಾ ಓದಿ ಮುಗಿಸುವಷ್ಟರಲ್ಲಿ ಒಂದು ಓಣಿ ತುಂಬುವಷ್ಟು.

ಸಾಲವೂ ಅದೇ ವೇಗದಲ್ಲಿ ಹರಿದಿದೆ. ಸಣ್ಣ ಉದ್ದಿಮೆಗಳಿಗೆ ಸಾಲ ಕೊಡಿಸಲು 2015ರ ಏಪ್ರಿಲ್ 8ರಂದು ಶುರುವಾದ ಮುದ್ರಾ ಯೋಜನೆಗೆ ಹತ್ತು ವರ್ಷ ತುಂಬುವಾಗ 52 ಕೋಟಿ ಸಾಲ, 32 ಲಕ್ಷ ಕೋಟಿಗೂ ಮೀರಿದ ಮೊತ್ತ. ಹಗಲು ರಾತ್ರಿ, ಹಬ್ಬ ಹುಣ್ಣಿಮೆ ಎನ್ನದೆ ಮೂರು ಸೆಕೆಂಡಿಗೆ ಐದು ಸಾಲ.

ಇಲ್ಲಿ ನನಗೆ ಉಡುಪಿ ನೆನಪಾಗದೆ ಇರುವುದಿಲ್ಲ. 1925ರಲ್ಲಿ ಅಲ್ಲಿ ಡಾ. ಟಿ.ಎಂ.ಎ. ಪೈ ಮತ್ತು ಅವರ ಜೊತೆಗಾರರು ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆಯನ್ನು ಕಟ್ಟಿದ್ದು 8,000 ರೂಪಾಯಿ ಬಂಡವಾಳದಿಂದ. 1928ರಲ್ಲಿ ಪಿಗ್ಮಿ ಠೇವಣಿ ಬಂತು. ದಿನಕ್ಕೆ ಎರಡಾಣೆ, ಏಜೆಂಟರೇ ಮನೆ ಬಾಗಿಲಿಗೆ. ದಿನಕ್ಕೆ ಎರಡಾಣೆಯಂತೆ ಒಬ್ಬನೇ ಕಟ್ಟುತ್ತಾ ಹೋದರೆ ಆ 8,000 ಸೇರಲು 175 ವರ್ಷ! ಆ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನೊಳಗೆ ಸೇರಿತು. ಕೆನರಾ ಬ್ಯಾಂಕಿನ ಒಟ್ಟು ವ್ಯವಹಾರ 2025ರ ಮಾರ್ಚ್‌ಗೆ 25 ಲಕ್ಷ ಕೋಟಿ ದಾಟಿತ್ತು. ಅಂದಿನ ರೂಪಾಯಿಯ ಬೆಲೆ ಬೇರೆ, ಇಂದಿನದು ಬೇರೆ, ಒಪ್ಪಿದೆ. ಆದರೂ ಎರಡಾಣೆ ಬಿಲ್ಲೆಯೊಂದನ್ನು ಸೆಕೆಂಡಿಗೊಮ್ಮೆ ಡಬ್ಬಿಗೆ ಹಾಕುತ್ತಾ ಅಷ್ಟು ಕೂಡಿಸಲು 63 ಲಕ್ಷ ವರ್ಷ ಬೇಕು. ಮನುಷ್ಯ ಮನುಷ್ಯನಾಗುವುದಕ್ಕೂ ಎಷ್ಟೋ ಹಿಂದೆ ಕೂತು ಶುರು ಮಾಡಬೇಕಿತ್ತು.

ಇಷ್ಟೂ ಸಂಖ್ಯೆಗಳನ್ನು ನುಂಗಿಹಾಕುವ ಸಂಖ್ಯೆಯೊಂದು ಜೀಡಿಮೆಟ್ಲಾದ ಗೇಟಿನ ಮುಂದೆಯೇ ಇದೆ. ಆ 900ರ ಸಾಲದ ಬಡ್ಡಿ ದಿನಕ್ಕೆ ನೂರಕ್ಕೆ ಹನ್ನೊಂದು ಬೀಳುತ್ತದೆ. ಲೆಕ್ಕಕ್ಕೆ ಹತ್ತೇ ಹಿಡಿಯೋಣ. ಸಂಕ್ರಾಂತಿಯ ದಿನ ಒಂದೇ ಒಂದು ರೂಪಾಯಿ ಸಾಲ ಪಡೆದು, ತೀರಿಸದೆ, ಬಡ್ಡಿಗೆ ಬಡ್ಡಿ ಬೆಳೆಯಲು ಬಿಟ್ಟರೆ 97ನೇ ದಿನ ಅದು 10,000 ದಾಟುತ್ತದೆ. ಸ್ವನಿಧಿ ಶುರುವಾದಾಗಿನ ಮೊದಲ ಸಾಲದಷ್ಟು. ದಸರೆಯ ಆಸುಪಾಸಿನಲ್ಲಿ, 270ನೇ ದಿನ, 68 ಲಕ್ಷ ಜನರಿಗೆ ಕೊಟ್ಟ ಅಷ್ಟೂ 13,797 ಕೋಟಿಯನ್ನು ಹಿಂದೆ ಹಾಕುತ್ತದೆ. ಮರುವರ್ಷದ ಸಂಕ್ರಾಂತಿಗೆ ಆ ಒಂದು ರೂಪಾಯಿ ಸುಮಾರು 1,280 ಲಕ್ಷ ಕೋಟಿ! ಭಾರತ 2024-25ರಲ್ಲಿ ಹೊಲ, ಕಾರ್ಖಾನೆ, ಕಚೇರಿಗಳಲ್ಲೆಲ್ಲ ಸೇರಿ ವರ್ಷವಿಡೀ ಉತ್ಪಾದಿಸಿದ್ದು ಸುಮಾರು 330 ಲಕ್ಷ ಕೋಟಿ. ಅಂಥ ನಾಲ್ಕು ಭಾರತಗಳ ದುಡಿಮೆ, ಒಂದು ರೂಪಾಯಿಗೆ.

ಹಾಗೆ ಬೆಳೆಯದಿರುವುದಕ್ಕೆ ಕಾರಣ ಒಂದೇ. ಚಾಯ್ ಬಂಡಿಯವಳು ಸಂಜೆಯ ಪಾಳಿ ಬಿಟ್ಟು ಗಿರಾಕಿಗಳೆಲ್ಲ ಹೋದ ಮೇಲೆ, ಸ್ಟವ್ ಆರಿಸುವ ಮೊದಲು, ಹತ್ತರ ನೋಟುಗಳನ್ನು ನೀಟಾಗಿ ಮಡಚಿ 1,000 ಎಣಿಸಿ ಕೊಟ್ಟುಬಿಡುತ್ತಾಳೆ. ವರ್ಷಕ್ಕೆ 300 ಸಂಜೆ.