ಹಳ್ಳಿಯ ಚಿಕ್ಕ ಸಭೆ ಬದುಕಿ ಉಳಿಯುವ ಬಗೆ

ಪಟ್ಟಣದ ದೊಡ್ಡ ದೇವಾಲಯಕ್ಕೆ ಜನರ ಕೊರತೆಯೂ ಇಲ್ಲ, ಹಣದ ಕೊರತೆಯೂ ಇಲ್ಲ. ಆದರೆ ಹದಿನೈದಿಪ್ಪತ್ತು ಮನೆಗಳ ಹಳ್ಳಿಯಲ್ಲಿರುವ ಪೂಜಾಸ್ಥಾನದ ಗತಿಯೇನು? ಹಿರಿಯರು ಒಬ್ಬೊಬ್ಬರಾಗಿ ತೀರಿಕೊಳ್ಳುವರು. ಹರೆಯದವರು ಉದ್ಯೋಗಕ್ಕಾಗಿ ಊರು ಬಿಡುವರು. ಕಡೆಗೆ ಬಾಗಿಲು ತೆರೆಯುವವರೂ ದೀಪ ಹಚ್ಚುವವರೂ ನಾಲ್ಕೇ ಮಂದಿಯಾಗುವರು. ಅದು ಗುಡಿಯಾಗಲಿ, ಬಸದಿಯಾಗಲಿ, ಮಸೀದಿಯಾಗಲಿ, ಇಗರ್ಜಿಯಾಗಲಿ, ಈ ಚಿಂತೆ ಎಲ್ಲರಿಗೂ ಒಂದೇ. ಹೀಗೆ ಕ್ಷೀಣಿಸಿದ ಸಭೆಯನ್ನು ಮರಳಿ ಜೀವಂತಗೊಳಿಸಲು ಸಾಧ್ಯವೇ ಎಂಬುದಕ್ಕೆ ಕಾರವಾರ ಅಂಕೋಲೆಗಳ ಸೀಮೆಯ ಕ್ರೈಸ್ತರ ಚರಿತ್ರೆಯು ಒಳ್ಳೆಯ ಉತ್ತರವನ್ನು ಕೊಡುವುದರಿಂದ, ಅದನ್ನು ನಮ್ಮ ವಾಚಕರ ಮುಂದೆ ಸಂಕ್ಷೇಪವಾಗಿ ಇಡಬಯಸುತ್ತೇವೆ.

ಕಾಳಿ ನದಿಯ ಮುಖದಿಂದ ಗಂಗಾವಳಿಯವರೆಗೆ ಹಬ್ಬಿದ ಈ ನೆಲವು ಬಹು ಕಿರಿದು. ಪೂರ್ವಕ್ಕೆ ಸಹ್ಯಾದ್ರಿಯ ತಪ್ಪಲು, ಪಶ್ಚಿಮಕ್ಕೆ ಕಡಲು. ನಡುವೆ ಗದ್ದೆ, ತೆಂಗಿನ ತೋಟ, ಮೀನುಗಾರರ ಕೇರಿ. ಉತ್ತರಕ್ಕೆ ಕೆಲವೇ ಹರದಾರಿಗಳಲ್ಲಿ ಗೋವೆಯ ಗಡಿ. ಇಲ್ಲಿಯ ಕ್ರೈಸ್ತರಲ್ಲಿ ಬಹುಜನರ ಮನೆಮಾತು ಕೊಂಕಣಿ; ಶಾಲೆಯ ಮತ್ತು ಕಚೇರಿಯ ಮಾತು ಕನ್ನಡ. ನೆರೆಹೊರೆಯವರಂತೆ ಇವರೂ ಗದ್ದೆ ಉತ್ತು, ಬಲೆ ಬೀಸಿ, ಮರಗೆಲಸ ಮಾಡಿ ಬಾಳಿದವರು. ಭಾದ್ರಪದದ ಸುಮಾರಿಗೆ ಹಿಂದೂ ಮನೆಗಳಲ್ಲಿ ಹೊಸ ಕದಿರನ್ನು ಬರಮಾಡಿಕೊಳ್ಳುವಂತೆ, ಇವರು ಸಪ್ಟೆಂಬರದಲ್ಲಿ ಮರಿಯಮ್ಮನವರ ಜನ್ಮದಿನದ ಹೊತ್ತಿಗೆ ಹೊಸ ತೆನೆಗೆ ಆಶೀರ್ವಾದ ಪಡೆದು ಮನೆಗೆ ತರುವರು. ಬೇರೆ ಬೇರೆ ಪೂಜೆ, ಒಂದೇ ಗದ್ದೆಯ ತೆನೆ.

ಈ ಕರಾವಳಿಯ ಸಭೆಗಳಿಗೆ ಬಂದ ಮೊದಲ ದೊಡ್ಡ ಕ್ಷೀಣದೆಸೆಯು ಹದಿನೇಳನೆಯ ಶತಮಾನದ್ದು. 1652ರಿಂದ 1654ರ ಸುಮಾರಿಗೆ ಕೆಳದಿಯ ಶಿವಪ್ಪನಾಯಕನು ಹೊನ್ನಾವರ, ಬಸರೂರು, ಗಂಗೊಳ್ಳಿಗಳ ಕೋಟೆಗಳನ್ನು ಪೋರ್ತುಗೀಜರಿಂದ ಕಿತ್ತುಕೊಂಡನು. ಕೋಟೆಯ ಆಶ್ರಯದಲ್ಲಿದ್ದ ಪಾದ್ರಿಗಳು ಹೋದರು. ನೆಲವನ್ನು ನಂಬಿದ ಬಡ ಕ್ರೈಸ್ತರು ಉಳಿದರು. 1678ರ ಒಡಂಬಡಿಕೆಯಿಂದ ಮಿರ್ಜಾನ, ಚಂದಾವರ, ಭಟ್ಕಳ, ಕಲ್ಯಾಣಪುರಗಳಲ್ಲಿ ಇಗರ್ಜಿ ಕಟ್ಟಲು ಕೆಳದಿಯ ಅರಸರು ಅಪ್ಪಣೆಯಿತ್ತರು. ಆದರೆ ಅಪ್ಪಣೆಯ ಕಾಗದ ಬಂದ ಮಾತ್ರಕ್ಕೆ ಸಭೆ ಎದ್ದು ನಿಲ್ಲುವುದೇ? ಅದಕ್ಕೆ ನಡೆದಾಡುವ ಮನುಷ್ಯನು ಬೇಕಾಗಿದ್ದನು.

ಅಂಥವನು 1681ರಲ್ಲಿ ಬಂದನು. ಗೋವೆಯ ಬೆಣಾವಲಿಯಲ್ಲಿ 1651ರಲ್ಲಿ ಹುಟ್ಟಿದ ಜೋಸೆಫ್ ವಾಜ್ ಎಂಬ ಕೊಂಕಣಿ ಮನೆತನದ ತರುಣ ಪಾದ್ರಿಯನ್ನು ಆ ವರ್ಷ ಕನ್ನಡ ಕರಾವಳಿಯ ಮೇಲ್ವಿಚಾರಕನಾಗಿ ಕಳುಹಿಸಿದರು. ಗೋವೆಯ ಅಧಿಕಾರಕ್ಕೂ ರೋಮಿನಿಂದ ನೇರವಾಗಿ ನೇಮಕಗೊಂಡ ಬಿಷಪ್ಪನ ಅಧಿಕಾರಕ್ಕೂ ಆಗ ಇಲ್ಲಿ ತೀವ್ರವಾದ ಜಗಳ ನಡೆದಿತ್ತು. ಜನರು ಎರಡು ಪಂಗಡವಾಗಿದ್ದರು. ವಾಜರು ಯಾರ ಮೇಲೂ ದೂರು ಹೇಳಲಿಲ್ಲ. ಬರಿಗಾಲಿನಲ್ಲಿ ಊರಿಂದೂರಿಗೆ ನಡೆದರು, ರೋಗಿಗಳನ್ನು ಕಂಡರು, ಮುರಿದ ಇಗರ್ಜಿಗಳನ್ನು ಎತ್ತಿ ನಿಲ್ಲಿಸಿದರು, ಮಕ್ಕಳಿಗೆ ಪಾಠ ಹೇಳಿಸಿದರು, ಊರವರೇ ಕೂಡಿ ನಡೆಸುವ ಭಕ್ತಮಂಡಳಿಗಳನ್ನು ಏರ್ಪಡಿಸಿದರು. 1684ರಲ್ಲಿ ಅವರು ಗೋವೆಗೆ ಹಿಂದಿರುಗಿದರು. ಅವರಿದ್ದುದು ಮೂರೇ ವರ್ಷ. ಆದರೆ ಕೆಲಸವನ್ನು ತಮ್ಮೊಬ್ಬರ ಮೇಲೆ ನಿಲ್ಲಿಸದೆ ಊರವರ ಕೈಗೆ ಒಪ್ಪಿಸಿದ್ದರಿಂದ, ಅವರು ಹೋದ ಮೇಲೂ ಅದು ನಿಲ್ಲಲಿಲ್ಲ.

ಮುಂದೆ 1687ರಲ್ಲಿ ಇವರೇ ಕೂಲಿಯಾಳಿನ ವೇಷದಿಂದ ಸಿಂಹಳಕ್ಕೆ ಹೋದರು. ಡಚ್ಚರ ಆಳಿಕೆಯಲ್ಲಿ ಅಲ್ಲಿಯ ಕಥೋಲಿಕರು ಸುಮಾರು ಮೂವತ್ತು ವರ್ಷ ಪಾದ್ರಿಗಳಿಲ್ಲದೆ ಗುಟ್ಟಾಗಿ ಉಳಿದಿದ್ದರು. ಕನ್ನಡ ಕರಾವಳಿಯಲ್ಲಿ ಕಲಿತ ವಿಧಾನವನ್ನೇ ವಾಜರು ಅಲ್ಲಿಯೂ ನಡೆಸಿದರು. 1711ರಲ್ಲಿ ಕಂಡಿ ಪಟ್ಟಣದಲ್ಲಿ ತೀರಿಕೊಂಡ ಅವರಿಗೆ 2015ರ ಜನವರಿ 14ರಂದು ಕೊಲಂಬೊದಲ್ಲಿ ಸಂತಪದವಿಯು ದೊರೆಯಿತು.

ಎರಡನೆಯ ಕ್ಷೀಣದೆಸೆಯು ಇನ್ನೂ ಭಯಂಕರವಾದುದು. 1784ರಲ್ಲಿ ಟೀಪೂ ಸುಲ್ತಾನನ ಅಪ್ಪಣೆಯಿಂದ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಘಟ್ಟದ ಮೇಲೆ ಶ್ರೀರಂಗಪಟ್ಟಣಕ್ಕೆ ನಡೆಸಿದರು. ಅದರ ಕಾರಣಗಳನ್ನೂ ಸೆರೆಯಾದವರ ಸಂಖ್ಯೆಯನ್ನೂ ಕುರಿತು ಇತಿಹಾಸಕಾರರು ಒಂದೇ ಮಾತನ್ನು ಹೇಳುವುದಿಲ್ಲ. ಆದರೆ ದಾರಿಯಲ್ಲಿಯೂ ಸೆರೆಯಲ್ಲಿಯೂ ಸಹಸ್ರಾರು ಜನರು ಸತ್ತುದೂ, ಇಗರ್ಜಿಗಳು ನೆಲಸಮವಾದುದೂ ನಿರ್ವಿವಾದ. ಮೂಡಬಿದಿರೆಯ ಹತ್ತಿರದ ಹೊಸಪೇಟೆಯ ಇಗರ್ಜಿಯು ಮಾತ್ರ ಜೈನಧರ್ಮದ ಚೌಟ ಅರಸನ ಬೇಡಿಕೆಯಿಂದ ಉಳಿಯಿತೆಂಬುದನ್ನು ಇಲ್ಲಿ ಸ್ಮರಿಸತಕ್ಕದ್ದು. ಕಾರವಾರದ ಕಡೆಯವರಿಗೆ ಬಿಣಗಾದ ಎದುರಿಗೆ ಕಡಲಲ್ಲಿರುವ ಅಂಜುದೀವವು ಆಸರೆಯಾಯಿತು. ಪೋರ್ತುಗೀಜರ ಕೋಟೆಯಿದ್ದ ಆ ದ್ವೀಪದಲ್ಲಿ ಕ್ರೈಸ್ತರಷ್ಟೇ ಅಲ್ಲ, ಹಿಂದೂ ಕುಟುಂಬಗಳೂ ತಲೆಮರೆಸಿಕೊಂಡಿದ್ದವು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಬದುಕಿ ಉಳಿದವರು ಘಟ್ಟವಿಳಿದರು. 1801ರಲ್ಲಿ ಈ ದಾರಿಯಾಗಿ ಬಂದ ಬುಕಾನನ್ ಸಾಹೇಬನು, ಹಿಂದೆ ಯುರೋಪಿನ ವರ್ತಕರಿಂದ ಪ್ರಸಿದ್ಧವಾಗಿದ್ದ ಕಾರವಾರವು ಹಾಳುಬಿದ್ದುದನ್ನು ಕಂಡು ಬರೆದಿಟ್ಟಿದ್ದಾನೆ. ಮನೆಯಿಲ್ಲ, ಎತ್ತಿಲ್ಲ, ಇಗರ್ಜಿಯಿಲ್ಲ. ಹಿಂದಿರುಗಿದವರಲ್ಲಿ ಹದಿನೈದು ವರ್ಷ ಬಲಿಪೂಜೆಯನ್ನೇ ಕಾಣದ ಮಕ್ಕಳಿದ್ದರು. ಅಂಥವರು ಮೊದಲು ಹುಲ್ಲಿನ ಮಾಡಿನ ಕೆಳಗೆ ಕೂಡಿ, ಆಮೇಲೆ ಮಣ್ಣಿನ ಗೋಡೆ ಎಬ್ಬಿಸಿ, ತಲೆಮಾರಿನ ನಂತರ ಕೆಂಪುಕಲ್ಲಿನ ಇಗರ್ಜಿ ಕಟ್ಟಿದರು. ಕಟ್ಟಡವು ಕೊನೆಗೆ ಬಂದಿತು. ಕೂಡುವುದು ಮೊದಲು ಬಂದಿತು. ಈ ಕ್ರಮವನ್ನು ವಾಚಕರು ಗಮನಿಸಬೇಕೆಂದು ಬೇಡುತ್ತೇವೆ.

ಪಾದ್ರಿಯಿಲ್ಲದ ಕಾಲದಲ್ಲಿ ಸಭೆಯನ್ನು ಬದುಕಿಸಿದ್ದು ಯಾವುದು? ಮನೆಯೆಂದೇ ಹೇಳಬೇಕು. ಸಂಜೆ ದೀಪ ಹಚ್ಚಿದ ಮೇಲೆ ಮನೆಯ ಹಿರಿಯ ಹೆಂಗಸು ಜಪಮಾಲೆ ಹಿಡಿದು ‘ತೇರ್ಸ್’ ಹೇಳಿಸುವಳು; ಎಳೆಯ ಮಕ್ಕಳು ತೂಕಡಿಸುತ್ತಲೇ ಉತ್ತರ ಕೊಡುವರು. ಊರ ಶಿಲುಬೆಯ ಬಳಿ ವರ್ಷಕ್ಕೊಮ್ಮೆ ‘ಲದಿನ್’ ಹಾಡುವರು. ಅದಕ್ಕೆ ಪಾದ್ರಿಯೇ ಬೇಕೆಂಬ ನಿಯಮವಿಲ್ಲ, ರಾಗ ಬಲ್ಲ ಒಬ್ಬನಿದ್ದರೆ ಸಾಕು. ಜಪಾನದಲ್ಲಿಯೂ ಹೀಗೆಯೇ ನಡೆಯಿತು. ಅಲ್ಲಿಯ ಕ್ರೈಸ್ತರು ಇನ್ನೂರು ವರ್ಷಕ್ಕೂ ಮಿಕ್ಕಿ ಪಾದ್ರಿಯ ಮುಖ ಕಾಣದೆ, ಊರಲ್ಲಿ ಒಬ್ಬನನ್ನು ಹಬ್ಬದ ದಿನಗಳ ಲೆಕ್ಕವಿಡಲಿಕ್ಕೂ ಇನ್ನೊಬ್ಬನನ್ನು ಮಕ್ಕಳಿಗೆ ದೀಕ್ಷಾಸ್ನಾನ ಕೊಡಲಿಕ್ಕೂ ನೇಮಿಸಿಕೊಂಡು ಉಳಿದರು. 1865ರಲ್ಲಿ ನಾಗಸಾಕಿಯ ಹೊಸ ಇಗರ್ಜಿಗೆ ಬಂದು ತಮ್ಮ ಗುರುತನ್ನು ತಾವೇ ಹೇಳಿಕೊಂಡಾಗ ಅಲ್ಲಿದ್ದ ಫ್ರೆಂಚ್ ಪಾದ್ರಿಗೆ ಆಶ್ಚರ್ಯವೋ ಆಶ್ಚರ್ಯ!

ಸಂಸ್ಥೆಗಳಿಗೂ ಇದೇ ಮಾತು ಸಲ್ಲುವುದು. ಗೋವೆಯ ಆಗೊಂದದಲ್ಲಿ 1887ರಲ್ಲಿ ಹುಟ್ಟಿ ಪಿಲಾರಿನಲ್ಲಿ ನೆಲೆಸಿದ ಪಾದ್ರಿಗಳ ಸಂಘವು, ಕುಮಟೆಯ ಕಡೆಯಲ್ಲಿಯೂ ಸೇವೆ ಮಾಡಿದ ಆಗ್ನೆಲೊ ಡಿಸೋಜರಂಥ ಸಾಧುವನ್ನು ಪಡೆದಿದ್ದರೂ, ಸದಸ್ಯರು ತೀರಿಹೋಗಿ ಅಳಿವಿನ ಅಂಚಿಗೆ ಬಂದಿತ್ತು. 1939ರಲ್ಲಿ ಕೆಲವೇ ಮಂದಿ ಸೇರಿ ಅದನ್ನು ಪುನಃ ಎತ್ತಿದರು. ಇಂದು ಅದು ಭಾರತದ ಅನೇಕ ಪ್ರಾಂತಗಳಲ್ಲಿ ಕೆಲಸ ಮಾಡುತ್ತಿದೆ.

ಆಡಳಿತವು ಹತ್ತಿರ ಬಂದುದೂ ಈ ಸೀಮೆಗೆ ಉಪಕಾರವಾಯಿತು. ಬಹುಕಾಲ ಗೋವೆಯ ಆರ್ಚ್‌ಬಿಷಪ್ಪರ ಕೈಕೆಳಗಿದ್ದ ಈ ಇಗರ್ಜಿಗಳು 1953ರಲ್ಲಿ ಹೊಸ ಬೆಳಗಾವಿ ಧರ್ಮಪ್ರಾಂತಕ್ಕೆ ಸೇರಿ, 1976ರಲ್ಲಿ ಕಾರವಾರವೇ ಪ್ರತ್ಯೇಕ ಧರ್ಮಪ್ರಾಂತವಾಯಿತು. 1962ರಿಂದ 1965ರವರೆಗೆ ರೋಮಿನಲ್ಲಿ ನಡೆದ ಮಹಾಸಭೆಯ ತರುವಾಯ ಲತೀನ ಭಾಷೆಯ ಪೂಜೆಯು ಜನರ ಮಾತಿನಲ್ಲಿ ನಡೆಯತೊಡಗಿತು. ಆದರೆ ಇಲ್ಲಿಯೂ ಒಂದು ತೊಡಕು: ಗೋವೆಯ ಕೊಂಕಣಿ ಪುಸ್ತಕಗಳು ರೋಮನ್ ಲಿಪಿಯಲ್ಲಿ, ಮಂಗಳೂರಿನವು ಕನ್ನಡ ಲಿಪಿಯಲ್ಲಿ. ಕನ್ನಡ ಶಾಲೆಯಲ್ಲಿ ಓದಿದ ಮಗುವಿಗೆ ಯಾವುದು ಓದಲು ಬರುವುದೋ ಅದನ್ನೇ ಅದರ ಕೈಗೆ ಕೊಡುವುದು ವಿವೇಕ. ಓದಲಾಗದ ಪುಸ್ತಕವನ್ನು ಮಗುವು ಎಷ್ಟು ದಿನ ಪ್ರೀತಿಸೀತು?

ಈಗಿನ ಕಾಲದ ಕ್ಷೀಣಕ್ಕೆ ಯುದ್ಧವೂ ಸೆರೆಯೂ ಕಾರಣವಲ್ಲ. 1986ರಲ್ಲಿ ಅಡಿಗಲ್ಲು ಬಿದ್ದು 2005ರಲ್ಲಿ ನೌಕಾನೆಲೆಯು ಆರಂಭವಾಗುವ ಹೊತ್ತಿಗೆ ಬಿಣಗಾ, ಅರ್ಗಾ ಮೊದಲಾದ ಊರುಗಳ ಅನೇಕ ಕುಟುಂಬಗಳು, ಎಲ್ಲ ಮತದವರೂ, ನೆಲ ಬಿಟ್ಟು ಬೇರೆಡೆಯಲ್ಲಿ ನೆಲಸಬೇಕಾಯಿತು. ಒಂದೇ ಕೇರಿಯವರು ಹಲವು ಕಡೆಗೆ ಹಂಚಿಹೋದರು. ದೋಣಿಯೇರಿ ಹಬ್ಬಕ್ಕೆ ಹೋಗುತ್ತಿದ್ದ ಅಂಜುದೀವವು ನೌಕಾದಳದ ವಶದಲ್ಲಿದೆ. 1998ರಲ್ಲಿ ಪೂರ್ಣವಾದ ಕೊಂಕಣ ರೈಲು ದೂರದ ಊರುಗಳನ್ನು ಹತ್ತಿರ ತಂದಿತು. ಹರೆಯದವರನ್ನು ದೂರ ಒಯ್ಯಿತು. ಗೋವೆ, ಮುಂಬಯಿ, ಅರಬ ದೇಶಗಳಿಂದ ಹಣ ಬರುವುದು ನಿಜ; ಹಣವು ಇಗರ್ಜಿಗೆ ಹೊಸ ಬಣ್ಣ ಬಳಿದೀತು, ಸಂಜೆಯ ಪ್ರಾರ್ಥನೆಗೆ ಉತ್ತರ ಕೊಡಲಾರದು.

ಆದುದರಿಂದ ಚಿಕ್ಕ ಸಭೆಯನ್ನು ಎತ್ತಬಯಸುವವರು ಏನು ಮಾಡಬೇಕು? ಮೊದಲನೆಯದು, ಸಂಖ್ಯೆಯನ್ನು ನೋಡಿ ಎದೆಗೆಡದೆ, ಗೊತ್ತಾದ ದಿನ, ಗೊತ್ತಾದ ಹೊತ್ತಿಗೆ ತಪ್ಪದೆ ಕೂಡಬೇಕು. ಎರಡನೆಯದು, ಮಕ್ಕಳಿಗೆ ಹಾಡನ್ನೂ ಪ್ರಾರ್ಥನೆಯನ್ನೂ ಕಲಿಸುವ ಒಬ್ಬರನ್ನು ಊರೊಳಗಿಂದಲೇ ಆರಿಸಬೇಕು. ಮೂರನೆಯದು, ಹಬ್ಬದ ಯಜಮಾನಿಕೆ ಯಾರಿಗೆ, ಮುಂದಿನ ಸಾಲು ಯಾರಿಗೆ ಎಂಬ ಹಟವನ್ನು ಬಿಡಬೇಕು. ಹೊರಗಿನ ಶತ್ರುವಿಗಿಂತ ಈ ಒಳಜಗಳವೇ ಚಿಕ್ಕ ಸಭೆಗೆ ಹೆಚ್ಚು ಅಪಾಯಕರ. ನಾಲ್ಕನೆಯದು, ಕಾಣಿಕೆಯ ಲೆಕ್ಕವನ್ನು ಎಲ್ಲರ ಮುಂದೆ ಓದಬೇಕು. ಐದನೆಯದು, ಬಾರದವನನ್ನು ಬಯ್ಯದೆ ಅವನ ಮನೆಗೆ ಹೋಗಬೇಕು. ಅದರಲ್ಲಿಯೂ ಅವನು ಕಾಯಿಲೆ ಬಿದ್ದಾಗ. ವಾಜರು ಮಾಡಿದುದು ಇಷ್ಟೇ. ಇದಕ್ಕೆ ಪಾಂಡಿತ್ಯವು ಬೇಡ, ಕಾಲುಗಳು ಬೇಕು.

ಘಟ್ಟದಿಂದ ಬರಿಗೈಯಲ್ಲಿ ಇಳಿದುಬಂದವರಿಗೆ ಅಸಾಧ್ಯವಾಗದ ಈ ಕೆಲಸವು ಹೆಂಚಿನ ಮನೆಯಲ್ಲಿ ವಿದ್ಯುದ್ದೀಪದ ಕೆಳಗೆ ಕುಳಿತಿರುವ ನಮಗೆ ಅಸಾಧ್ಯವೇ? ಯಾವ ಮತದವರೇ ಆಗಿರಲಿ, ನಮ್ಮ ವಾಚಕರು ತಮ್ಮ ತಮ್ಮ ಊರಿನ ಚಿಕ್ಕ ಪೂಜಾಸ್ಥಾನವನ್ನು ಒಮ್ಮೆ ನೆನೆಯಲಿ. ಅದರ ಬಾಗಿಲ ಕೀಲಿಕೈಯು ಇಂದು ಯಾರ ಬಳಿಯಿದೆ, ಅವರ ನಂತರ ಯಾರ ಬಳಿಯಿರುವುದು ಎಂದು ವಿಚಾರಿಸಲಿ. ಎರಡನೆಯ ಪ್ರಶ್ನೆಗೆ ಉತ್ತರವು ದೊರೆಯದಿದ್ದರೆ, ಕೆಲಸವನ್ನು ಅಲ್ಲಿಂದಲೇ ಆರಂಭಿಸತಕ್ಕದ್ದು.