ಹೆಸರನ್ನಳಿಸಿದರೆ ಗುರುತಳಿಯುವುದೆ?

ಮನೆಯ ಮಾತು ಹೊಸಿಲು ದಾಟಬಾರದೆಂಬುದು ನಮ್ಮ ಹಿರಿಯರ ನಡವಳಿಕೆ. ಸಾಲ, ಕಾಯಿಲೆ, ವರಮಾನ, ಮಕ್ಕಳ ವಿವಾಹದ ಯೋಚನೆ ಇವೆಲ್ಲವೂ ಮನೆಯೊಳಗಿನ ಸಂಗತಿಗಳು. ಆದರೆ ಇಂದು ಅಂಗಡಿಯ ರಸೀದಿಗಾಗಿಯೂ, ಆಸ್ಪತ್ರೆಯ ಚೀಟಿಗಾಗಿಯೂ, ಮೊಬೈಲಿನಲ್ಲಿ ಸಾಮಾನು ತರಿಸುವುದಕ್ಕಾಗಿಯೂ ನಾವು ಹತ್ತಾರು ಕಡೆ ನಮ್ಮ ವಿವರಗಳನ್ನು ಒಪ್ಪಿಸುತ್ತಿರುವೆವು. “ಹೆಸರನ್ನು ತೆಗೆದುಹಾಕಿಯೇ ಇವನ್ನು ಲೆಕ್ಕಕ್ಕೆ ಬಳಸುವೆವು” ಎಂಬ ಅಭಯವೂ ನಮಗೆ ದೊರೆಯುವುದುಂಟು. ಈ ಅಭಯವನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದನ್ನು ವಾಚಕರೊಡನೆ ವಿಚಾರಮಾಡಬೇಕೆಂದಿರುವೆವು.

ಅಮೆರಿಕದ ಮಾಸಚೂಸೆಟ್ಸ್ ಸಂಸ್ಥಾನದಲ್ಲಿ, ೧೯೯೦ರ ದಶಕದ ನಡುವಿನಲ್ಲಿ, ಸರಕಾರಿ ನೌಕರರ ಆಸ್ಪತ್ರೆಯ ದಾಖಲೆಗಳನ್ನು ಸಂಶೋಧಕರ ಉಪಯೋಗಕ್ಕೆಂದು ಒದಗಿಸಲಾಯಿತು. ಹೆಸರು, ವಿಳಾಸಗಳನ್ನು ಅಳಿಸಿದ್ದರು. ಹುಟ್ಟಿದ ದಿನ, ಗಂಡೋ ಹೆಣ್ಣೋ ಎಂಬುದು, ಅಂಚೆಯ ಪ್ರದೇಶಸಂಖ್ಯೆ ಇವನ್ನು ಉಳಿಸಿದ್ದರು. ಆಗ ವಿದ್ಯಾರ್ಥಿನಿಯಾಗಿದ್ದ ಲಟಾನ್ಯ ಸ್ವೀನಿಯವರು ಇಪ್ಪತ್ತು ಡಾಲರು ಕೊಟ್ಟು ಕೇಂಬ್ರಿಜ್ ಪಟ್ಟಣದ ಮತದಾರರ ಪಟ್ಟಿಯನ್ನು ಕೊಂಡರು. ಎರಡನ್ನೂ ಹೋಲಿಸಿ ನೋಡಲು, ಆ ಸಂಸ್ಥಾನದ ಗವರ್ನರರಾಗಿದ್ದ ವಿಲಿಯಂ ವೆಲ್ಡರ ಜನ್ಮದಿನವುಳ್ಳವರು ಆ ಪಟ್ಟಣದಲ್ಲಿ ಆರೇ ಮಂದಿ. ಅವರಲ್ಲಿ ಗಂಡಸರು ಮೂವರು. ಗವರ್ನರರ ಅಂಚೆಸಂಖ್ಯೆಯುಳ್ಳವರು ಅವರೊಬ್ಬರೇ. ಹೀಗೆ ಅವರ ಕಾಯಿಲೆಯ ದಾಖಲೆಯು ಬಯಲಾಯಿತು. ಈ ಮೂರೇ ವಿವರಗಳಿಂದ ಅಮೆರಿಕದ ಜನರಲ್ಲಿ ನೂರಕ್ಕೆ ೮೭ ಮಂದಿಯನ್ನು ಬೇರೆಯಾಗಿ ಗುರುತಿಸಬಹುದೆಂದು ಸ್ವೀನಿಯವರು ೨೦೦೦ದಲ್ಲಿ ಅಂದಾಜುಮಾಡಿದರು. ೨೦೦೬ರಲ್ಲಿ ಫಿಲಿಪ್ ಗೋಲ್ ಎಂಬವರು ಮತ್ತೆ ಲೆಕ್ಕಹಾಕಲು ಅದು ೬೩ಕ್ಕೆ ಇಳಿಯಿತು. ಇಳಿದರೂ ಅಲ್ಪವೆನ್ನುವಂತಿಲ್ಲ.

ಜನ್ಮದಿನವನ್ನೂ ಅಳಿಸಿದರೆ ಸಾಕಲ್ಲವೆ ಎಂದು ಕೆಲವರು ಕೇಳಬಹುದು. ೨೦೦೬ರಲ್ಲಿ ನೆಟ್‌ಫ್ಲಿಕ್ಸ್ ಕಂಪೆನಿಯು ಸುಮಾರು ೪,೮೦,೦೦೦ ಗ್ರಾಹಕರು ಚಲನಚಿತ್ರಗಳಿಗೆ ಕೊಟ್ಟಿದ್ದ ಅಂಕಗಳನ್ನು, ಹೆಸರಿಲ್ಲದೆ, ಒಂದು ಸ್ಪರ್ಧೆಗಾಗಿ ಪ್ರಕಟಿಸಿತು. ಅರವಿಂದ ನಾರಾಯಣನ್ ಮತ್ತು ವಿಟಾಲಿ ಶ್ಮಾಟಿಕೋವ್ ಎಂಬ ವಿದ್ವಾಂಸರು, ಒಬ್ಬನು ನೋಡಿದ ಕೆಲವೇ ಚಿತ್ರಗಳೂ ಅವನ್ನು ನೋಡಿದ ದಿನಗಳೂ ಸುಮಾರಾಗಿ ಗೊತ್ತಾದರೆ ಅವನನ್ನು ಆ ರಾಶಿಯಲ್ಲಿ ಹೆಕ್ಕಿ ತೆಗೆಯಬಹುದೆಂದು ತೋರಿಸಿಕೊಟ್ಟರು. ಮನುಷ್ಯನ ಅಭಿರುಚಿಯೇ ಅವನ ಹೆಬ್ಬೆಟ್ಟಿನ ಗುರುತಾಯಿತು!

ಹಾಗೆಂದು ಯಾವ ವಿವರವನ್ನೂ ಯಾರಿಗೂ ಕೊಡಬಾರದೆಂದರೆ, ರೋಗವು ಹರಡುವ ಬಗೆಯಾಗಲಿ, ಊರಿಗೆ ಎಷ್ಟು ಶಾಲೆಗಳು ಬೇಕೆಂಬುದಾಗಲಿ ತಿಳಿಯುವುದೆಂತು? ಇಲ್ಲಿ ಪಂಡಿತರು ಸ್ಟ್ಯಾನ್ಲಿ ವಾರ್ನರರು ೧೯೬೫ರಲ್ಲಿ ಸೂಚಿಸಿದ ಉಪಾಯವೊಂದನ್ನು ನೆನೆಯುತ್ತಾರೆ. ಅದರ ಸುಲಭ ರೂಪವನ್ನು ಹೇಳುವೆವು. ಸಾವಿರ ಗೃಹಸ್ಥರನ್ನು “ನಿಮಗೆ ಸಾಲವುಂಟೆ?” ಎಂದು ಕೇಳಬೇಕಾಗಿದೆಯೆನ್ನೋಣ. ಪ್ರತಿಯೊಬ್ಬನೂ ಮರೆಯಲ್ಲಿ ನಾಣ್ಯವನ್ನು ಚಿಮ್ಮಲಿ. ಸಿಂಹಮುದ್ರೆ ಬಿದ್ದರೆ ನಿಜವನ್ನೇ ಹೇಳಲಿ. ಇಲ್ಲವಾದರೆ ಮತ್ತೊಮ್ಮೆ ಚಿಮ್ಮಿ, ಸಿಂಹಮುದ್ರೆಗೆ “ಹೌದು”, ಇನ್ನೊಂದು ಮುಖಕ್ಕೆ “ಇಲ್ಲ” ಎನ್ನಲಿ. ಹೀಗೆ ಬರುವ “ಹೌದು”ಗಳಲ್ಲಿ ಸುಮಾರು ೨೫೦ ನಾಣ್ಯದವು. ಒಟ್ಟು ೩೫೦ ಬಂದರೆ, ನಿಜ ಹೇಳಿದ ಸುಮಾರು ೫೦೦ ಮಂದಿಯಲ್ಲಿ ಸಾಲಗಾರರು ೧೦೦, ಅಂದರೆ ಐದರಲ್ಲೊಬ್ಬರು. ಊರಿನ ಲೆಕ್ಕ ಸಿಕ್ಕಿತು. ಆದರೆ “ಹೌದು” ಎಂದವನನ್ನು ಸಾಲಗಾರನೆಂದು ಬೆರಳಿಟ್ಟು ತೋರಿಸಲು ಯಾರಿಂದಲೂ ಆಗದು. ಹೀಗೆ ಅಂಕಿಗಳಲ್ಲಿ ಅಳತೆಮಾಡಿ ಅನಿಶ್ಚಯವನ್ನು ಬೆರೆಸುವ ಶಾಸ್ತ್ರವನ್ನು ಸಿಂಥಿಯಾ ಡ್ವರ್ಕ್ ಮತ್ತು ಅವರ ಸಂಗಡಿಗರು ೨೦೦೬ರಲ್ಲಿ ರೂಪಿಸಿದರು. ಅಮೆರಿಕದ ೨೦೨೦ರ ಜನಗಣತಿಯು ಅದನ್ನೇ ಅನುಸರಿಸಿತು.

ಇದರಿಂದ ತೊಡಕುಗಳೆಲ್ಲ ತೀರಿದುವೆಂದು ತಿಳಿಯಬಾರದು. ಸಾವಿರ ಮಂದಿಯ ಲೆಕ್ಕದಲ್ಲಿ ಕೆಡದ ನಿಜವು ಹತ್ತು ಮನೆಗಳ ಹಳ್ಳಿಯಲ್ಲಿ ಕೆಟ್ಟುಹೋಗುವುದು. ಆದುದರಿಂದಲೇ ಆ ಜನಗಣತಿಯ ಕ್ರಮವನ್ನು ಆಕ್ಷೇಪಿಸಿ ಅಲಬಾಮ ಸಂಸ್ಥಾನವು ೨೦೨೧ರಲ್ಲಿ ನ್ಯಾಯಾಲಯಕ್ಕೆ ಹೋಯಿತು. ಒಬ್ಬನನ್ನೇ ಒಂದೇ ಪ್ರಶ್ನೆಯನ್ನು ದಿನವೂ ಕೇಳಿ, ಅವನು ದಿನವೂ ಹೊಸದಾಗಿ ನಾಣ್ಯ ಚಿಮ್ಮಿ ಉತ್ತರಕೊಟ್ಟರೆ, ಆ ಉತ್ತರಗಳನ್ನೆಲ್ಲ ಕೂಡಿಸಿ ನೋಡಿದಾಗ ನಿಜವು ಹೊರಬೀಳುವುದು. ಎಲ್ಲಕ್ಕಿಂತ ಮಿಗಿಲಾದುದು ನಂಬಿಕೆಯ ಪ್ರಶ್ನೆ. ನಮ್ಮ ಪರವಾಗಿ ಯಂತ್ರವೇ ನಾಣ್ಯವನ್ನು ಚಿಮ್ಮುವಾಗ, ಅದು ನಿಜವಾಗಿ ಚಿಮ್ಮಿತೆಂದು ಗೃಹಸ್ಥನು ತಿಳಿಯುವುದು ಹೇಗೆ? ವಿದ್ವಾಂಸರು ಇಂದಿಗೂ ಹೆಣಗುತ್ತಿರುವ ಪ್ರಶ್ನೆಗಳಿವು.

ನಮ್ಮ ನಾಡಿಗೂ ಈ ವಿಷಯಕ್ಕೂ ನಂಟುಂಟು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರ್ ವಿಷಯವಾಗಿ ೨೦೧೨ರಲ್ಲಿ ಹೂಡಿದ ಮೊಕದ್ದಮೆಯಲ್ಲಿಯೇ, ಸುಪ್ರೀಂ ಕೋರ್ಟಿನ ಒಂಬತ್ತು ಮಂದಿ ನ್ಯಾಯಾಧೀಶರು ೨೦೧೭ನೆಯ ಆಗಸ್ಟ್ ೨೪ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಏಕಮತದಿಂದ ಸಾರಿದರು. ೨೦೨೩ರಲ್ಲಿ ಪಾರ್ಲಿಮೆಂಟು ಡಿಜಿಟಲ್ ವೈಯಕ್ತಿಕ ವಿವರಗಳ ರಕ್ಷಣೆಗಾಗಿ ಕಾಯಿದೆಯನ್ನೂ ಮಾಡಿತು. ವ್ಯಕ್ತಿಯನ್ನು ಗುರುತಿಸಬಲ್ಲ ವಿವರವನ್ನು ಆ ಕಾಯಿದೆಯು ಕಾಯುವುದು. ಆದರೆ ಹೆಸರಿಲ್ಲದ ಚೀಟಿಯೊಂದು ವ್ಯಕ್ತಿಯನ್ನು ಗುರುತಿಸಬಲ್ಲುದೆ ಎಂಬ ಪ್ರಶ್ನೆಯು ಮತ್ತೆ ಶಾಸ್ತ್ರದ ಬಾಗಿಲಿಗೇ ಬಂದು ನಿಲ್ಲುವುದು.

ಅಲ್ಲಿಯವರೆಗೆ ಗೃಹಸ್ಥರು ಮಾಡತಕ್ಕುದೇನು? ಹೆಸರೊಂದನ್ನು ಮರೆಸಿ ನಿಶ್ಚಿಂತರಾಗದೆ, ಜನ್ಮದಿನ, ಪಿನ್ ಸಂಖ್ಯೆಗಳನ್ನೂ ಮನೆಯ ಒಡವೆಯಂತೆಯೇ ಎಣಿಸಬೇಕು. ಕೇಳಿದವರನ್ನು “ಇದು ನಿಮಗೇಕೆ ಬೇಕು?” ಎಂದು ವಿನಯದಿಂದ ಕೇಳಬೇಕು, ಕೆಲಸಕ್ಕೆ ಬೇಕಾದಷ್ಟನ್ನು ಮಾತ್ರ ಕೊಡಬೇಕು. ಹಾಗೆ ಕೇಳುವ ವಾಡಿಕೆಯನ್ನು ಮಕ್ಕಳಿಗೂ ಕಲಿಸಬೇಕೆಂದು ನಾವು ವಾಚಕರಲ್ಲಿ ಅರಿಕೆಮಾಡುವೆವು.