ಧರಿಸುವ ಸಂವೇದಕಗಳು ಮತ್ತು ಶಕ್ತಿಯ ಮಿತವ್ಯಯ

1940ರ ದಶಕದ ಕೊನೆಯಲ್ಲಿ ಅಮೆರಿಕದ ಭೌತವಿಜ್ಞಾನಿ ನಾರ್ಮನ್ ಹೋಲ್ಟರ್ ಅವರು, ಚಲಿಸುತ್ತಿರುವ ಮನುಷ್ಯನ ಹೃದಯದ ವಿದ್ಯುತ್ ಸಂಕೇತಗಳನ್ನು ರೇಡಿಯೊ ಅಲೆಗಳ ಮೂಲಕ ದೂರಕ್ಕೆ ಕಳುಹಿಸಿ ತೋರಿಸಿದರು. ಬೆನ್ನಿಗೆ ಹೊರಬೇಕಾಗಿದ್ದ ಆ ಉಪಕರಣದ ತೂಕ ಸುಮಾರು 38 ಕಿಲೋಗ್ರಾಂ. ಇಂದು ಎದೆಗೆ ಅಂಟಿಸುವ ಸಣ್ಣ ಪಟ್ಟಿಯೊಂದು ಅದೇ ಕಾರ್ಯವನ್ನು ನೆರವೇರಿಸುತ್ತದೆ. ಆದರೆ ಉಪಕರಣವು ಕಿರಿದಾದಂತೆ ಅದರ ಬ್ಯಾಟರಿಯೂ ಕಿರಿದಾಯಿತು. ರಾತ್ರಿಯ ವೇಳೆ ಬ್ಯಾಟರಿ ಬರಿದಾದರೆ ರೋಗಿಯ ಅಪಾಯದ ಸೂಚನೆ ಯಾರಿಗೂ ತಲುಪದು.

ಹೃದಯಬಡಿತ, ದೇಹದ ಉಷ್ಣತೆ, ಚಲನೆ ಮುಂತಾದವುಗಳನ್ನು ಅಳೆಯುವ ಹಲವು ಸಂವೇದಕಗಳು ತಮ್ಮ ಮಾಹಿತಿಯನ್ನು ತಂತಿಯಿಲ್ಲದೆ ಸಮೀಪದ ಮೊಬೈಲಿಗೆ ಕಳುಹಿಸುವ ವ್ಯವಸ್ಥೆಯೇ ನಿಸ್ತಂತು ದೇಹಜಾಲ. ಇಲ್ಲಿ ಸಾಮಾನ್ಯವಾಗಿ ಅಳೆಯುವುದಕ್ಕಿಂತ ಕಳುಹಿಸುವುದಕ್ಕೇ ಹೆಚ್ಚು ಶಕ್ತಿ ವೆಚ್ಚವಾಗುತ್ತದೆ. ಸಂದೇಶಕ್ಕಾಗಿ ಕಾಯುತ್ತಿರುವಾಗಲೂ ರೇಡಿಯೊ ವಿದ್ಯುತ್ತನ್ನು ಬಳಸುತ್ತಲೇ ಇರುತ್ತದೆ. ಆದುದರಿಂದ ಮಿತವ್ಯಯದ ಮೊದಲ ಉಪಾಯ, ಕೆಲಸವಿಲ್ಲದಾಗ ರೇಡಿಯೊವನ್ನು ನಿದ್ರಾಸ್ಥಿತಿಯಲ್ಲಿಡುವುದು.

ಇದನ್ನು ಸರಳ ಲೆಕ್ಕದಿಂದ ತಿಳಿಯಬಹುದು. ನಾಣ್ಯದಾಕಾರದ ಬ್ಯಾಟರಿಯೊಂದರ ಧಾರಣಶಕ್ತಿ 220 ಮಿಲಿಆಂಪಿಯರ್-ಗಂಟೆ ಎಂದಿರಲಿ. ರೇಡಿಯೊ ಎಡೆಬಿಡದೆ 10 ಮಿಲಿಆಂಪಿಯರ್ ಬಳಸಿದರೆ ಬ್ಯಾಟರಿ 22 ಗಂಟೆಗಳಲ್ಲಿ ಮುಗಿಯುತ್ತದೆ. ಪ್ರತಿ 100 ಸೆಕೆಂಡುಗಳಲ್ಲಿ 1 ಸೆಕೆಂಡು ಮಾತ್ರ ಎಚ್ಚರವಿದ್ದು, ಉಳಿದ ಅವಧಿಯಲ್ಲಿ 0.01 ಮಿಲಿಆಂಪಿಯರ್ ಬಳಸಿದರೆ ಸರಾಸರಿ ಬಳಕೆ ಸುಮಾರು 0.11 ಮಿಲಿಆಂಪಿಯರ್. ಆಗ ಅದೇ ಬ್ಯಾಟರಿ ಸುಮಾರು 2000 ಗಂಟೆ, ಅಂದರೆ 83 ದಿನ ಬಾಳುತ್ತದೆ. ಅಳೆಯುವ ಭಾಗದ ವೆಚ್ಚವನ್ನು ಈ ಲೆಕ್ಕದಲ್ಲಿ ಸೇರಿಸಿಲ್ಲ.

ಎರಡನೆಯ ಉಪಾಯ, ಕಳುಹಿಸುವ ಮಾಹಿತಿಯನ್ನೇ ಕಡಿಮೆ ಮಾಡುವುದು. ಹೃದಯದ ಸಂಕೇತವನ್ನು ಸೆಕೆಂಡಿಗೆ 250 ಬಾರಿ, ಪ್ರತಿ ಬಾರಿ 12 ಬಿಟ್‌ಗಳಲ್ಲಿ ದಾಖಲಿಸಿದರೆ ನಿಮಿಷಕ್ಕೆ 1,80,000 ಬಿಟ್‌ಗಳಾಗುತ್ತವೆ. ಸಂವೇದಕವೇ ಬಡಿತಗಳನ್ನು ಎಣಿಸಿ 72 ಎಂಬ ಸಂಖ್ಯೆಯನ್ನಷ್ಟೇ ಕಳುಹಿಸಿದರೆ 8 ಬಿಟ್‌ಗಳು ಸಾಕು.

ಆದರೆ ಈ ಉಳಿತಾಯಕ್ಕೆ ಎಲ್ಲೆಯುಂಟು. ಲಯ ತಪ್ಪಿದ ಹೃದಯವೂ ನಿಮಿಷಕ್ಕೆ 72 ಬಾರಿ ಬಡಿಯಬಹುದು. ವೈದ್ಯರಿಗೆ ಬೇಕಾದ ಅಲೆಯ ಆಕಾರ ಆ ಸಂಖ್ಯೆಯಲ್ಲಿ ಇರುವುದಿಲ್ಲ. ಆದಕಾರಣ ಉತ್ತಮ ವಿನ್ಯಾಸದಲ್ಲಿ ಅಳತೆ ಸತತವಾಗಿ ನಡೆಯುತ್ತದೆ, ರೇಡಿಯೊ ಮಾತ್ರ ಮಲಗಿರುತ್ತದೆ. ಲಯದಲ್ಲಿ ವ್ಯತ್ಯಾಸ ಕಂಡ ಕೂಡಲೇ ಅದು ಎಚ್ಚೆತ್ತು, ನೆನಪಿನಲ್ಲಿ ಉಳಿಸಿಕೊಂಡ ಹಿಂದಿನ ಕೆಲವು ಸೆಕೆಂಡುಗಳ ಅಲೆಯನ್ನೂ ಸೇರಿಸಿ ಕಳುಹಿಸುತ್ತದೆ.

ಶಿಕ್ಷಕರು ಮೇಲಿನ ಲೆಕ್ಕವನ್ನು ಸರಾಸರಿಯ ಪಾಠದೊಂದಿಗೆ ಮಾಡಿಸಬಹುದು. ಎಚ್ಚರದ ಅವಧಿಯನ್ನು 2 ಅಥವಾ 5 ಸೆಕೆಂಡುಗಳಿಗೆ ಬದಲಿಸಿ ಬ್ಯಾಟರಿಯ ಆಯುಷ್ಯವನ್ನು ಕಂಡುಹಿಡಿಯಲು ಹೇಳಬಹುದು. ಬಳಿಕ, ಉಷ್ಣತೆ ಮತ್ತು ಹೃದಯದ ಲಯ ಇವೆರಡರಲ್ಲಿ ಯಾವುದರ ಸುದ್ದಿ ತಡವಾದರೂ ನಡೆಯುತ್ತದೆ, ಯಾವುದರದು ತಡವಾಗಬಾರದು, ಏಕೆ ಎಂಬುದನ್ನು ಮಕ್ಕಳೇ ಚರ್ಚಿಸಲಿ.